ಮೊದಲು ಕಂಪಾಸ್ ಕೊಡಬೇಡಿ, ನಕ್ಷೆ ತಿರುಗಿಸಲು ಕಲಿಸಿ

ಕಾರವಾರದಲ್ಲಿದ್ದೇವೆ, 8 ಮತ್ತು 11 ವರ್ಷದ ಮಕ್ಕಳಿಗೆ ಓರಿಯಂಟೀರಿಂಗ್ (ನಕ್ಷೆ ಹಿಡಿದು, ಅಲ್ಲಲ್ಲಿ ಕಟ್ಟಿದ ಗುರುತುಗಳನ್ನು ಹುಡುಕಿ ಮುಟ್ಟುವ ಆಟ) ಶುರು ಮಾಡಿಸಬೇಕು, ಯಾವ ಕಂಪಾಸ್ (ದಿಕ್ಸೂಚಿ) ತಗೊಳ್ಳಲಿ, ಜಿಪಿಎಸ್ ವಾಚ್ ಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಕಂಪಾಸಿನಿಂದಲೇ ಶುರು ಮಾಡಿದ್ದೆ. ಅದರಿಂದ ಏನಾಯಿತು ಅಂತ ಹೇಳುತ್ತೇನೆ.

ಶಿರಸಿ ಹತ್ತಿರದ ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ತೋಟದ ತಲೆಯಲ್ಲಿ ಮನೆ, ಕೆಳಗೆ ಅಡಿಕೆ ತೋಟ, ತೋಟದ ತಳದಲ್ಲಿ ಹಳ್ಳ. ಮನೆ ಹಿಂದೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಮರಗಳ ಗುಡ್ಡ. ಬೆಟ್ಟದ ಬೆನ್ನು ದಾಟಿದರೆ ಕಾನು, ದಟ್ಟ ಕಾಡು. ಒಂದು ದಸರಾ ರಜೆಯಲ್ಲಿ ಆರು ಮಕ್ಕಳು ಸೇರಿದ್ದರು. ನಾನು ಬೆಂಗಳೂರಿನಿಂದ ಆರು ಕಂಪಾಸ್ ತಂದಿದ್ದೆ. ಬೆಟ್ಟದಲ್ಲಿ ಐದು ಗುರುತು ಕಟ್ಟಿ, ನಕ್ಷೆ ಬರೆದು, ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟೆ. ಸ್ಪರ್ಧೆಯಲ್ಲಿ ಮಾಡುವ ಹಾಗೆಯೇ ಒಬ್ಬೊಬ್ಬರನ್ನು ಎರಡು ನಿಮಿಷ ಬಿಟ್ಟು ಕಳಿಸಿದೆ.

ಕಳಿಸುವ ಮೊದಲು ಒಂದು ಮಾತು ಹೇಳಿದೆ. "ಕಾಡಲ್ಲಿ ಕಣ್ಣು ಮೋಸ ಮಾಡುತ್ತದೆ, ಕಂಪಾಸಿನ ಮುಳ್ಳು ಮೋಸ ಮಾಡುವುದಿಲ್ಲ. ಏನೇ ಅನ್ನಿಸಿದರೂ ಮುಳ್ಳು ತೋರಿಸಿದ್ದೇ ಸರಿ."

ನನ್ನ ತಪ್ಪು ಇದೇ.

ಅಕ್ಕನ ಮಗಳಿಗೆ ಆಗ 9 ವರ್ಷ. ಮೊದಲ ಮೂರು ಗುರುತು ಗಾಡಿದಾರಿಯ ಬದಿಗೇ ಇದ್ದವು, ಕಂಪಾಸ್ ನೋಡುವ ಅಗತ್ಯವೇ ಬೀಳಲಿಲ್ಲ. ನಾಲ್ಕನೆಯದು ಹಳ್ಳದ ಸಂಕದ (ಕಾಲುಸೇತುವೆ) ಹತ್ತಿರ. ದಾರಿ ಬಿಟ್ಟು ದಕ್ಷಿಣಕ್ಕೆ ಇಳಿಯಬೇಕು, ಅಷ್ಟೆ. ಮಳೆಗಾಲ ಆಗಷ್ಟೇ ಮುಗಿದಿತ್ತು, ಹಳ್ಳದ ಸದ್ದು ಬೆಟ್ಟದ ತುದಿವರೆಗೂ ಕೇಳುತ್ತಿತ್ತು. ಅವಳು ನಿಂತು ಕಂಪಾಸ್ ನೋಡಿದಳು. ಮುಳ್ಳಿನ ಕೆಂಪು ತುದಿ ತೋರಿಸಿದ್ದು ಉತ್ತರ ಅಂದುಕೊಂಡು ಅದಕ್ಕೆ ಬೆನ್ನು ಹಾಕಿ ನಡೆದಳು. ಹಳ್ಳದ ಸದ್ದು ಹಿಂದಾಯಿತು. ನೆಲ ಏರುತ್ತಾ ಹೋಯಿತು. ಆದರೂ ನಡೆದಳು.

ಅವಳ ಕಂಪಾಸ್ ಉಲ್ಟಾ ಆಗಿತ್ತು. ಉತ್ತರ ತೋರಿಸಬೇಕಾದ ಕೆಂಪು ತುದಿ ದಕ್ಷಿಣ ತೋರಿಸುತ್ತಿತ್ತು.

ಹೀಗೂ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪಾಸಿನ ಮುಳ್ಳು ಅಂದರೆ ಒಂದು ಸಣ್ಣ ಅಯಸ್ಕಾಂತ. ಅದಕ್ಕಿಂತ ಜೋರಿನ ಅಯಸ್ಕಾಂತ ತೀರಾ ಹತ್ತಿರ ಬಂದರೆ ಮುಳ್ಳಿನ ಉತ್ತರ ದಕ್ಷಿಣ ಅದಲು ಬದಲಾಗಿಬಿಡಬಹುದು. ಸುಮ್ನೆ ಸ್ವಲ್ಪ ಹೊತ್ತು ಅಲುಗಾಡಿ ಸರಿಹೋಗುವುದಲ್ಲ, ಹಾಗೇ ಉಳಿಯುತ್ತದೆ. ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ, ಮೊಬೈಲಿನಲ್ಲಿ ಇರುತ್ತದೆ, ಮುಚ್ಚಳದ ಮೊಬೈಲ್ ಕವರಿನಲ್ಲೂ ಇರುತ್ತದೆ. ನಾನು ಬಸ್ಸಿನಲ್ಲಿ ರಾತ್ರಿಯಿಡೀ ಆರೂ ಕಂಪಾಸುಗಳನ್ನು ಬ್ಲೂಟೂತ್ ಸ್ಪೀಕರಿನ ಜೊತೆ ಬ್ಯಾಗಿನ ಒಂದೇ ಜೇಬಿನಲ್ಲಿ ತುರುಕಿಟ್ಟಿದ್ದೆ. ಆರರಲ್ಲಿ ಎರಡು ತಿರುಗಿದ್ದವು. ಉಳಿದ ನಾಲ್ಕು ಸರಿ ಇದ್ದವು. ಕೊಡುವ ಮೊದಲು ನಾನು ಪರೀಕ್ಷೆ ಮಾಡಿ ನೋಡಿದ್ದು ಒಂದನ್ನೇ.

ತಿರುಗಿದ ಇನ್ನೊಂದು ಕಂಪಾಸ್ ಪಕ್ಕದ ಮನೆ ಹುಡುಗನ ಕೈಯಲ್ಲಿತ್ತು. ಅವನು ಅದನ್ನು ನೋಡಲೇ ಇಲ್ಲ. ಹಳ್ಳದ ಸದ್ದು ಕೇಳಿದ ಕಡೆ ಓಡಿ ಎಲ್ಲರಿಗಿಂತ ಮೊದಲು ಸಂಕ ಮುಟ್ಟಿದ. ನನ್ನ ಮಾತು ಕೇಳಿದವಳು ಮಾತ್ರ ದಾರಿ ತಪ್ಪಿದಳು.

ಸುಮಾರು ಎರಡು ಗಂಟೆ ಸಿಗಲಿಲ್ಲ. ನಾವೆಲ್ಲ ಹಳ್ಳದ ಬದಿಯೇ ಹುಡುಕಿದೆವು, ಯಾಕೆಂದರೆ ಹಳ್ಳ ಅಂದರೆ ಎಲ್ಲರಿಗೂ ಭಯ. ಕೂ ಹಾಕಿದರೆ ತಿರುಗಿ ಕೂ ಬರಲಿಲ್ಲ, ಅವಳು ಆಗಲೇ ಬೆಟ್ಟದ ಆಚೆ ಇಳಿದಿದ್ದಳು. ಕೊನೆಗೆ ಅವಳು ಬೆಟ್ಟದ ಗಡಿಗೆ ತೋಡಿದ ಅಗಳ (ಕಂದಕ) ಹಿಡಿದು ನಡೆದು, ಆಚೆ ಊರಿನ ದಣಪೆ (ಬೇಲಿಯ ಬಾಗಿಲು) ಹತ್ತಿರ ಬಂದು ಕೂತಿದ್ದಳು. ಅಗಳ ಎಲ್ಲಾದರೂ ಒಂದು ಕಡೆ ದಾರಿಗೆ ಸೇರಲೇಬೇಕು ಅಂತ ಅವಳಿಗೆ ತಾನಾಗಿಯೇ ಹೊಳೆದಿತ್ತು. ಕಾಲ ತುಂಬ ಉಂಬಳ (ಜಿಗಣೆ) ಕಚ್ಚಿ ರಕ್ತ ಇಳಿದಿತ್ತು. ನನ್ನನ್ನು ನೋಡಿ ಅಳಲಿಲ್ಲ. "ಹಳ್ಳ ಹಿಂದೆ ಇದೆ ಅಂತ ನಂಗೆ ಗೊತ್ತಿತ್ತು ಮಾವ. ಮುಳ್ಳು ತೋರಿಸಿದ್ದೇ ಸರಿ ಅಂತ ನೀನೇ ಹೇಳಿದ್ಯಲ್ಲ" ಅಂದಳು.

ಅಕ್ಕ "ನಿನ್ನ ಆಟ ಸಾಕು ಮಾರಾಯ" ಅಂದಳು. ಆಮೇಲೆ ಎರಡು ವರ್ಷ ಆ ಮಗು ಬೆಟ್ಟ ಹತ್ತಲಿಲ್ಲ. ಸೊಪ್ಪು ತರಲು ಅಪ್ಪನ ಜೊತೆ ಖುಷಿಯಿಂದ ಹೋಗುತ್ತಿದ್ದವಳು, ಅದನ್ನೂ ಬಿಟ್ಟಳು.

ಕಂಪಾಸ್ ಕೆಟ್ಟಿದ್ದು ತಪ್ಪಲ್ಲ, ಅದು ಯಾರಿಗೂ ಆಗಬಹುದು. ತಿಳಿದದ್ದನ್ನು ಬಿಟ್ಟು ಮುಳ್ಳನ್ನು ನಂಬು ಅಂತ ಮಗುವಿಗೆ ಹೇಳಿದ್ದು ತಪ್ಪು. ಈ ಆಟ ಸ್ವೀಡನ್ನಿನಲ್ಲಿ ಸೈನಿಕರ ತರಬೇತಿಯಿಂದ ಬೆಳೆದದ್ದು. ಅರ್ನ್ಸ್ಟ್ ಕಿಲ್ಲಾಂಡರ್ ಎಂಬ ಮೇಜರ್ 1919ರಲ್ಲಿ ಸ್ಟಾಕ್‌ಹೋಮ್ ಹತ್ತಿರ ದೊಡ್ಡ ಸ್ಪರ್ಧೆ ನಡೆಸಿದ ಮೇಲೆ ಅದು ಜನರ ಆಟವಾಯಿತು. ಗುರುತು ಪರಿಚಯ ಇಲ್ಲದ ಕಾಡಿನಲ್ಲಿ ದೊಡ್ಡವರಿಗೆ ಕಂಪಾಸನ್ನು ನಂಬು ಅನ್ನುವುದು ಸರಿಯೇ. ನಮ್ಮ ಬೆಟ್ಟದ ಮಗುವಿಗೆ ಹಳ್ಳದ ಸದ್ದು, ನೆಲದ ಇಳಿಜಾರು, ಅಗಳ ಎಲ್ಲ ಮೊದಲೇ ಗೊತ್ತು. ಆ ಗೊತ್ತಿದ್ದದ್ದನ್ನು ಕಾಗದದ ಮೇಲೆ ಕಾಣುವ ಹಾಗೆ ಮಾಡುವುದೇ ಕಲಿಸುವ ಕೆಲಸ.

ಈಗ ನಾನು ಅಂಗಳದಿಂದ ಶುರು ಮಾಡುತ್ತೇನೆ. ತುಳಸಿಕಟ್ಟೆ, ಬಾವಿ, ಕೊಟ್ಟಿಗೆ, ಬಚ್ಚಲು, ಹಲಸಿನ ಮರ. ಮೇಲಿನಿಂದ ನೋಡಿದ ಹಾಗೆ ಮಕ್ಕಳೇ ಬರೆಯಬೇಕು. ಒಂದು ಅಕ್ಷರವನ್ನೂ ಬರೆಯಬಾರದು. ಅಕ್ಷರ ಇದ್ದರೆ ಮಕ್ಕಳು ಅದನ್ನು ಓದಲು ಕಾಗದವನ್ನು ನೆಟ್ಟಗೆ ಹಿಡಿಯುತ್ತಾರೆ, ತಾವು ತಿರುಗಿದರೂ ಕಾಗದ ತಿರುಗಿಸುವುದಿಲ್ಲ. ಅಕ್ಷರ ಇಲ್ಲದಿದ್ದರೆ ಕಾಗದಕ್ಕೆ ಮೇಲೆ ಕೆಳಗೆ ಅಂತ ಇರುವುದೇ ಇಲ್ಲ. ಬಾವಿ ನಿಮ್ಮ ಎಡಕ್ಕಿದ್ದರೆ ನಕ್ಷೆಯ ಬಾವಿಯೂ ಎಡಕ್ಕೆ ಬರುವ ತನಕ ತಿರುಗಿಸಿ, ಅಷ್ಟೇ ನಿಯಮ. ನಿಂತ ಜಾಗದ ಮೇಲೆ ಹೆಬ್ಬೆರಳು ಇಟ್ಟು, ನಡೆದ ಹಾಗೆ ಬೆರಳು ಸರಿಸಬೇಕು. ದೊಡ್ಡ ಆಟಗಾರರು ಮಾಡುವುದೂ ಇದನ್ನೇ. ನಿಮ್ಮ 8 ವರ್ಷದ ಮಗು ಒಂದೆರಡು ವಾರದಲ್ಲಿ ಕಲಿಯುತ್ತದೆ.

ನಿಜವಾದ ಓರಿಯಂಟೀರಿಂಗ್ ನಕ್ಷೆಯ ಬಣ್ಣ ನೋಡಿದಾಗ ನನಗೆ ಭಾರೀ ಖುಷಿಯಾಗಿತ್ತು. ಅದರಲ್ಲಿ ಬಿಳಿ ಅಂದರೆ ಬಯಲಲ್ಲ, ಸಲೀಸಾಗಿ ಓಡಬಹುದಾದ ಕಾಡು. ಬಯಲಿಗೆ ಹಳದಿ. ಹಸಿರು ಗಾಢವಾದಷ್ಟೂ ನುಗ್ಗುವುದು ಕಷ್ಟ. ಅಂದರೆ ನಮ್ಮ ಬೆಟ್ಟ ಬಿಳಿ, ಬ್ಯಾಣ (ಹುಲ್ಲುಗಾವಲು) ಹಳದಿ, ಕಾನು ಹಸಿರು! ಏರಿಳಿತದ ಗೆರೆ ಕಂದು, ನೀರು ನೀಲಿ, ಸಂಕ, ಬೇಲಿ, ಬಂಡೆ ಎಲ್ಲ ಕಪ್ಪು. ಇಲ್ಲಿನ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸುವುದೇ ಬೇಡ.

ಗುರುತಿಗೆ ದುಡ್ಡು ಖರ್ಚು ಮಾಡಬೇಡಿ. ಸ್ಪರ್ಧೆಯಲ್ಲಿ 30 ಸೆಂಟಿಮೀಟರಿನ ಬಿಳಿ-ಕಿತ್ತಳೆ ಬಟ್ಟೆ ಕಟ್ಟುತ್ತಾರೆ. ನಾವು ಅಡಿಕೆ ಹಾಳೆ ಕತ್ತರಿಸಿ ಅರ್ಧಕ್ಕೆ ಕಿತ್ತಳೆ ಬಣ್ಣ ಬಳಿಯುತ್ತೇವೆ. ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ಕ್ರೇಯಾನ್ ಕಟ್ಟುತ್ತೇವೆ. ಮಗು ಅದರಿಂದ ತನ್ನ ನಕ್ಷೆಯ ಮೇಲೆ ಗೀಚಿಕೊಂಡು ಬಂದರೆ ಹೋಗಿದ್ದಕ್ಕೆ ಸಾಕ್ಷಿ. ಜಿಪಿಎಸ್ ವಾಚಂತೂ ಬೇಡವೇ ಬೇಡ. ದಾರಿ ಹುಡುಕಲು ಅದನ್ನು ನೋಡುವುದು ಸ್ಪರ್ಧೆಯಲ್ಲೇ ನಿಷಿದ್ಧ.

ಅಕ್ಕನ ಮಗಳು ಮತ್ತೆ ಬೆಟ್ಟಕ್ಕೆ ಬಂದದ್ದು ನಕ್ಷೆ ಬರೆಯುವ ನೆಪದಲ್ಲಿ. ಅವಳು ಬರೆದ ನಕ್ಷೆಯಲ್ಲಿ ಅಲ್ಲಲ್ಲಿ ನೀಲಿ ಚುಕ್ಕಿಗಳಿದ್ದವು. ಏನಿದು ಅಂತ ಕೇಳಿದೆ. ಹಳ್ಳದ ಸದ್ದು ಕೇಳುವ ಜಾಗಗಳು ಅಂದಳು. ಅಂಥ ಗುರುತು ಯಾವ ನಕ್ಷೆಯಲ್ಲೂ ನಾನು ನೋಡಿರಲಿಲ್ಲ.

ನೀವು ಕಾಡಿಗೆ ಹೋಗುವುದೇ ಬೇಡ, ಕಾರವಾರ ಬೀಚಿನ ಗಾಳಿಮರಗಳೇ ಸಾಕು. ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿ. ಎದುರಿಗೆ ಪಶ್ಚಿಮ, ಬಲಕ್ಕೆ ಕಾಳಿ ನದಿ ಮತ್ತು ಸದಾಶಿವಗಡದ ಗುಡ್ಡ, ಅದು ಉತ್ತರ. ಎಡಕ್ಕೆ ಬೈತಖೋಲ ಬಂದರಿನ ಕಡೆ ದಕ್ಷಿಣ. ಕಂಪಾಸ್ ಇಲ್ಲದೇ ನಾಲ್ಕೂ ದಿಕ್ಕು ಸಿಕ್ಕಿತು, ಅಲ್ವಾ? ನೀವು ಚಾಪೆ ಹಾಸಿಕೊಂಡು ನಡುವೆ ಕೂತುಕೊಳ್ಳಿ, ಸುತ್ತ ಆರೇಳು ಮರಕ್ಕೆ ಗುರುತು ಕಟ್ಟಿ. ಮಗು ಒಂದು ಗುರುತಿಗೆ ಹೋಗಿ ನಿಮ್ಮ ಹತ್ತಿರ ವಾಪಸ್ ಬರಬೇಕು, ಆಮೇಲೆ ಇನ್ನೊಂದಕ್ಕೆ. ಹಾಗಾಗಿ ಯಾರೂ ಕಣ್ಣು ತಪ್ಪುವುದಿಲ್ಲ. ಕುತ್ತಿಗೆಗೊಂದು ಸೀಟಿ ಇರಲಿ. ಸಮುದ್ರದ ಕಡೆ ಒಂದೂ ಗುರುತು ಕಟ್ಟಬೇಡಿ, ಎಲ್ಲ ಮರಗಳ ಒಳಗೇ ಇರಲಿ. 11 ವರ್ಷದವರಿಗೆ ಮುಂದೆ ಕಂಪಾಸ್ ಕೊಡುವುದಿದ್ದರೆ, ಪ್ರತಿ ಸಲವೂ ಕೈಗೆ ಕೊಡುವ ಮೊದಲು ಇಲ್ಲೇ ಸಮುದ್ರಕ್ಕೆ ಮುಖ ಮಾಡಿ ನಿಂತು, ಕೆಂಪು ತುದಿ ಬಲಗೈ ಕಡೆ ಇದೆಯಾ ಅಂತ ಮಗುವಿನ ಬಾಯಲ್ಲೇ ಹೇಳಿಸಿ.