ಶಿವಮೊಗ್ಗ ವಿಮಾನ ಇಳಿಯದೆ ವಾಪಸ್ಸಾಗಿದ್ದು: ಮುಂದಿನ ಸಲ ಹೀಗೆ ಮಾಡಿ

ಜುಲೈನಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣವಿರುವ ಸೋಗಾನೆ ಮೇಲೆ ಸುತ್ತು ಹೊಡೆದು ವಿಮಾನ ಬೆಂಗಳೂರಿಗೇ ಮರಳಿತು ಅಂದಿರಲ್ಲ, ಬಹುಶಃ ತಗ್ಗಿಗಿಳಿದ ಮೋಡವೇ ಕಾರಣ. ರನ್‌ವೇ ಸುಮಾರು 3.2 ಕಿ.ಮೀ. ಇದೆ, ಉದ್ದಕ್ಕೆ ಕೊರತೆಯಿಲ್ಲ. ಆದರೆ ಅದು ಪೈಲಟ್ ಕಣ್ಣಿಗೆ ಬೀಳಬೇಕು.

ಮಳೆಗಾಲದಲ್ಲಿ ಮದುವೆ, ಆಸ್ಪತ್ರೆಯಂಥ ಕೆಲಸಕ್ಕೆ ಒಂದು ದಿನ ಮೊದಲೇ ಬನ್ನಿ. ರದ್ದಾದರೆ ಪೂರ್ತಿ ಹಣ ಅಥವಾ ಬೇರೆ ವಿಮಾನ ಕೇಳಿ, ಅದು ನಿಮ್ಮ ಹಕ್ಕು. ಹವಾಮಾನಕ್ಕೆ ಪರಿಹಾರ ಮಾತ್ರ ಸಿಗಲ್ಲ. ಅವತ್ತೇ ಹೊರಡಬೇಕಿದ್ದರೆ ಬೆಂಗಳೂರಿಂದ ಶಿವಮೊಗ್ಗ ಮೇಲೆ ಹೋಗುವ ತಾಳಗುಪ್ಪದ ರಾತ್ರಿ ರೈಲು ನೋಡಿ.

ಅಮ್ಮನಿಗೆ ಮಂಡಿನೋವು ಅಂದಿರಿ. ಗಾಲಿಕುರ್ಚಿ ಬೇಕೆಂದು 48 ಗಂಟೆ ಮೊದಲೇ ವಿಮಾನ ಕಂಪನಿಗೆ ಹೇಳಿಡಿ. ಎಟಿಆರ್ ಅನ್ನೋ ಸಣ್ಣ ಪ್ರೊಪೆಲ್ಲರ್ ವಿಮಾನಕ್ಕೆ ಹಿಂದಿನ ಬಾಗಿಲಿಂದ ಹತ್ತಬೇಕು. ಬಾಗಿಲಿನ ಜೊತೆಗೇ ಮಡಚಿಕೊಳ್ಳುವ ನಾಲ್ಕಾರು ಇಕ್ಕಟ್ಟಾದ ಮೆಟ್ಟಿಲು. ಅದನ್ನು ಹತ್ತೋಕಾಗಲ್ಲ ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಕುರ್ಚಿ ಮೆಟ್ಟಿಲ ಬುಡದವರೆಗೆ ಮಾತ್ರ ಬರುತ್ತೆ. ನನ್ನ ಅತ್ತೆಗೆ ಹಾಗೇ ಆಯ್ತು, ಕಂಬಿ ಹಿಡಿದು ಮಳೆಯಲ್ಲೇ ನಿಂತಿದ್ದರು. ದೊಡ್ಡ ಟ್ರಾಲಿ ಬ್ಯಾಗು ಸೀಟಿನ ಮೇಲಿನ ಗೂಡಿಗೆ ಹಿಡಿಸಲ್ಲ. ಮಾತ್ರೆ, ಶಾಲು ಸಣ್ಣ ಚೀಲದಲ್ಲಿ ಕೈಯಲ್ಲಿರಲಿ.

ವಿಮಾನ ನಿಲ್ದಾಣದಿಂದ ನಿಮ್ಮೂರು ತೀರ್ಥಹಳ್ಳಿಗೆ ಹೋಗಲು ಕಾರನ್ನು ಊರಿನಿಂದಲೇ ಗೊತ್ತು ಮಾಡಿ. ವಿಮಾನ ಇಳಿದ ಮೇಲೆ ಹೊರಡಲು ಡ್ರೈವರ್‌ಗೆ ಹೇಳಬೇಡಿ, ಬೆಂಗಳೂರಲ್ಲಿ ವಿಮಾನ ಹತ್ತುವಾಗಲೇ ಫೋನ್ ಮಾಡಿ.