ಹೋಗುವಾಗ ಕೇಳದ ಲಸಿಕೆ ಕಾರ್ಡನ್ನು ವಾಪಸ್ ಬರುವಾಗ ಕೇಳುತ್ತಾರೆ

ಪ್ರಶ್ನೆ: ನನ್ನ ಅಣ್ಣ ನೈರೋಬಿಯಲ್ಲಿ ಕೆಲಸದಲ್ಲಿದ್ದಾನೆ. ಮುಂದಿನ ತಿಂಗಳು ನಾನು, ಹೆಂಡತಿ, 67 ವರ್ಷದ ಅಮ್ಮ ಅಲ್ಲಿಗೆ ಹೊರಟಿದ್ದೇವೆ. ಅಲ್ಲಿನ ಮಸಾಯಿ ಮಾರಾ ವನ್ಯಧಾಮ ನೋಡುವ ಆಸೆಯೂ ಇದೆ. ಹಳದಿ ಜ್ವರದ ಲಸಿಕೆ ಬೇಕೇ ಬೇಕು ಅಂತಾನೆ ಅಣ್ಣ. ಭಾರತದವರಿಗೆ ಕೀನ್ಯಾದಲ್ಲಿ ಅದನ್ನು ಕೇಳಲ್ಲ ಅಂತಾರೆ ಟ್ರಾವೆಲ್ ಏಜೆಂಟ್. ಯಾರನ್ನು ನಂಬಲಿ? ಅಮ್ಮನಿಗೂ ಹಾಕಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಅಣ್ಣನ ಮಾತು ಕೇಳಿ. ಏಜೆಂಟ್ ಹೇಳಿದ್ದು ಸುಳ್ಳಲ್ಲ, ಆದರೆ ಅವರು ಹೋಗುವ ದಾರಿ ಮಾತ್ರ ನೋಡಿದ್ದಾರೆ. ನಮ್ಮಲ್ಲಿ ಹಳದಿ ಜ್ವರ ಇಲ್ಲ. ಹಾಗಾಗಿ ಇಲ್ಲಿಂದ ನೇರ ಹೋದವರನ್ನು ಕೀನ್ಯಾ ಕೇಳುವುದಿಲ್ಲ. ಕೇಳುವುದು ನಮ್ಮದೇ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು, ನೀವು ವಾಪಸ್ ಬಂದಿಳಿದಾಗ. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇಷ್ಟು ಬಿಗಿ ಏಕೆಂದರೆ, ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಹಳದಿ ಜ್ವರವನ್ನೂ ಹರಡುತ್ತದೆ. ಆ ಸೊಳ್ಳೆ ನಮ್ಮ ಊರೂರಲ್ಲೂ ಇದೆ, ವೈರಸ್ ಮಾತ್ರ ಇನ್ನೂ ಬಂದಿಲ್ಲ.

ಲಸಿಕೆಯನ್ನು ನಿಮ್ಮೂರಿನ ಯಾವುದೋ ಕ್ಲಿನಿಕ್‌ನಲ್ಲಿ ಹಾಕಿಸಿದರೆ ನಡೆಯಲ್ಲ. ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಆಗಬೇಕು. ಪಟ್ಟಿ ಕೇಂದ್ರ ಆರೋಗ್ಯ ಸಚಿವಾಲಯದ ವೆಬ್‌ಸೈಟಿನಲ್ಲಿದೆ. ಒಂದು ಬಾಟಲಿಯಲ್ಲಿ ಹಲವರಿಗೆ ಆಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ 6 ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ಎಷ್ಟೋ ಕಡೆ ವಾರದ ಗೊತ್ತಾದ ದಿನ ಮಾತ್ರ ಹಾಕುತ್ತಾರೆ. ಈಗಲೇ ದಿನ ಗೊತ್ತು ಮಾಡಿಕೊಳ್ಳಿ. ಹಾಕಿಸಿಕೊಂಡ 10 ದಿನದ ನಂತರವೇ ಕಾರ್ಡಿಗೆ ಬೆಲೆ, ದೇಹಕ್ಕೂ ರಕ್ಷಣೆ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಹತ್ತು ವರ್ಷಕ್ಕೊಮ್ಮೆ ಹಾಕಿಸುವ ನಿಯಮ 2016ರ ಜುಲೈಗೇ ಹೋಯಿತು.

ಹಳದಿ ಕಾರ್ಡ್ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇದೆಯಾ? ಹುಟ್ಟಿದ ದಿನ, ಲಸಿಕೆಯ ಬ್ಯಾಚ್ ನಂಬರ್, ಸಹಿ, ಸೀಲು ಇವೆಯಾ? ಹೊಡೆದು ತಿದ್ದಿದ್ದರೆ ಹೊಸ ಕಾರ್ಡ್ ಕೇಳಿ, ಸಂಕೋಚ ಬೇಡ. ತಿದ್ದಿದ ಕಾರ್ಡನ್ನು ತಳ್ಳಿಹಾಕಬಹುದು.

ಇನ್ನು ಅಮ್ಮನ ವಿಷಯ. ಇಲ್ಲಿ ಅವಸರ ಬೇಡ. ಇದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. 60 ದಾಟಿದವರು ಮೊದಲ ಸಲ ಹಾಕಿಸಿಕೊಂಡರೆ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಜಾಸ್ತಿ. ಆದರೂ ಅದು ಅಪರೂಪವೇ. ಕೀಮೋಥೆರಪಿ ನಡೆಯುತ್ತಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ತಗೊಳ್ತಿದ್ದರೆ, ಥೈಮಸ್ ಗ್ರಂಥಿಯ ಕಾಯಿಲೆ ಅಥವಾ ಮೊಟ್ಟೆಯ ತೀವ್ರ ಅಲರ್ಜಿ ಇದ್ದರೆ ಹಾಕಿಸುವಂತಿಲ್ಲ. ಬರೀ ಶುಗರ್, ಬಿಪಿ ಇದ್ದರೆ ಅದೇ ಅಡ್ಡಿಯಲ್ಲ. ಎಲ್ಲ ಮಾತ್ರೆಗಳ ಚೀಟಿ ಹಿಡಿದು ಅವರನ್ನು ನೋಡುವ ವೈದ್ಯರ ಹತ್ತಿರ ಹೋಗಿ. ನೈರೋಬಿ ನಗರದೊಳಗೆ ಈ ಕಾಯಿಲೆಯ ಭಯ ಕಡಿಮೆ, ಮಾರಾ ಕಡೆ ಹೋದರೆ ಲಸಿಕೆ ಬೇಕು. ಹಾಕುವುದು ಬೇಡ ಅಂತ ವೈದ್ಯರು ಹೇಳಿದರೆ ಕಾರಣ ಬರೆದ ಪತ್ರ ತಗೊಳ್ಳಿ, ಅಮ್ಮನಿಗೆ ಮಾರಾ ಬಿಡಿಸಿ. ಪತ್ರ ಇದ್ದರೂ ವಾಪಸಾದಾಗ ಅವರನ್ನು ತಡೆಯಬಹುದು. ಅದಕ್ಕೆ ಸಿದ್ಧರಾಗಿಯೇ ಟಿಕೆಟ್ ಮಾಡಿಸಿ. ಕಾರ್ಡಿಗೋಸ್ಕರ ಅಮ್ಮನ ಜೀವವನ್ನು ಪಣಕ್ಕಿಡಬೇಡಿ.

ಈ ಲಸಿಕೆ ಮಲೇರಿಯಾ ತಡೆಯುವುದಿಲ್ಲ. ಅದಕ್ಕೆ ಬೇರೆ ಮಾತ್ರೆ ಇದೆ, ಅದೇ ಭೇಟಿಯಲ್ಲಿ ಕೇಳಿ. ಊರಿಗೆ ಬಂದ ಮೇಲೆ ಯಾರಿಗಾದರೂ ಜ್ವರ ಬಂದರೆ, ಕೀನ್ಯಾಕ್ಕೆ ಹೋಗಿದ್ದೆವು ಅಂತ ಮೊದಲೇ ಹೇಳಿ, ಅದೇ ದಿನ ರಕ್ತಪರೀಕ್ಷೆ ಮಾಡಿಸಿ.