ಹೈಬ್ರಿಡ್ ಜೋಳದ ತೆನೆ ಜೊಳ್ಳಾಗಿದೆ, ಬೀಜದ ದೋಷವೇ?

ಬೀದರ್ ಕಡೆ ಅಕ್ಟೋಬರ್ ಕೊನೆಗೆ ಬಿತ್ತಿದ ಹೈಬ್ರಿಡ್ ಬಿಳಿಜೋಳ ತೆನೆ ಹಾಕಿದೆ, ಕಾಳಿಲ್ಲ, ಬೀಜ ಕೊಟ್ಟವರ ಮೇಲೆ ದೂರು ಕೊಡಲೇ ಎಂದು ಕೇಳಿದ್ದೀರಿ. ದೂರಿಗೆ ಮೊದಲು ಪರಾಗ ನೋಡಿ.

ಜೊಳ್ಳು ಹೂವನ್ನು ಉಗುರಲ್ಲಿ ಹಿಸುಕಿ. ಕೆಂಪು-ಕಿತ್ತಳೆ ರಸ ಬಂದರೆ ಅದು ಮಿಡ್ಜ್ ನೊಣದ ಮರಿ, ಪರಾಗದ ಮಾತೇ ಬೇಡ. ರಸ ಬರದಿದ್ದರೆ, ಅದೇ ಹೊಲದಲ್ಲಿ ಹೊರಬಂದೂ ಇನ್ನೂ ಅರಳದ ತೆನೆ ಹುಡುಕಿ. ಜೋಳ ತುದಿಯಿಂದ ಕೆಳಕ್ಕೆ ಅರಳುತ್ತದೆ, ಹಾಗಾಗಿ ತುದಿಯ ಹತ್ತಿರದ, ನಾಳೆ ಅರಳುವಂಥ ಹೂಗಳನ್ನೇ ಕೀಳಬೇಕು. ಅರಳಿದ ಹೂವಿನಲ್ಲಿ ಪರಾಗ ಉದುರಿಹೋಗಿರುತ್ತದೆ, ಫಲಿತಾಂಶ ದಾರಿ ತಪ್ಪಿಸುತ್ತದೆ. ತೊಟ್ಟಿಲ್ಲದ ದಪ್ಪ ಹೂವನ್ನು ಆರಿಸಿ, ತೊಟ್ಟಿರುವ ಸಣ್ಣದು ಬೇಡ. ಕೂಡಲೇ ನೋಡಲಾಗದಿದ್ದರೆ 70% ಆಲ್ಕೋಹಾಲಿನಲ್ಲಿಡಿ.

ಪರಾಗಕ್ಕೆ ಬಣ್ಣ ಹಿಡಿಸುವ ದ್ರಾವಣಕ್ಕೆ 2 ಗ್ರಾಂ ಪೊಟ್ಯಾಸಿಯಂ ಅಯೋಡೈಡನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ 1 ಗ್ರಾಂ ಅಯೋಡಿನ್ ಹಾಕಿ, 100 ಮಿ.ಲೀ.ಗೆ ತುಂಬಿಸಿ. ಬರೀ ನೀರಿಗೆ ಅಯೋಡಿನ್ ಹಾಕಿದರೆ ಕರಗುವುದಿಲ್ಲ. ಒಂದು ಹನಿಯಲ್ಲಿ ಹೂವಿನ ಪರಾಗಕೋಶ (ಪರಾಗ ತುಂಬಿದ ಚೀಲ) ಹಿಚುಕಿ, 100 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿ. ದುಂಡಗೆ ಕಪ್ಪು-ನೀಲಿಯಾದ ಕಣದಲ್ಲಿ ಪಿಷ್ಟ ತುಂಬಿದೆ. ಮುದುಡಿ ಹಳದಿ ಉಳಿದದ್ದು ಬಂಜೆ. ಕನಿಷ್ಠ 5 ಗಿಡಗಳಿಂದ 200-200 ಕಣ ಎಣಿಸಿ. ಬಿಸಿಲಿಗೆ ಸತ್ತ ಪರಾಗವೂ ಕಪ್ಪಾಗಬಹುದು, ಆದ್ದರಿಂದ ಕಪ್ಪೆಂದರೆ ಜೀವಂತ ಎಂದಲ್ಲ.

ಹಳದಿ ಕಣವೇ ಹೆಚ್ಚಿದ್ದರೆ ದಿನ ಹಿಂದಕ್ಕೆ ಎಣಿಸಿ. ಹೂವಿಗೆ ಎರಡು ವಾರ ಮೊದಲು, ಹೊಡೆಯೊಳಗೆ ಪರಾಗದ ತಾಯಿಕೋಶಗಳು ವಿಭಜನೆಯಾಗುತ್ತವೆ. ಆಗ ರಾತ್ರಿ ಉಷ್ಣಾಂಶ 10-12 ಡಿಗ್ರಿಗೆ ಇಳಿದರೆ ಪರಾಗಕ್ಕೆ ಆಹಾರ ಕೊಡುವ ಒಳಪದರ ಕೆಡುತ್ತದೆ, ಸಕ್ಕರೆ ಪಿಷ್ಟವಾಗದು. ನಿಮ್ಮ ಬಿತ್ತನೆಗೆ ಆ ಹಂತ ಬಂದದ್ದು ಡಿಸೆಂಬರ್ ಕೊನೆಯ ಚಳಿಗೆ ಸರಿಯಾಗಿ. ಅಂಡಕ್ಕೆ ಅಷ್ಟು ಪೆಟ್ಟಾಗುವುದಿಲ್ಲ. ಪಕ್ಕದ ಹೊಲದ ಪರಾಗ ಗಾಳಿಯಲ್ಲಿ ಬಂದು ಬೀಳುವ ಅಂಚಿನಲ್ಲಿ ಕಾಳು ಕಟ್ಟಿದ್ದರೆ ಅದೇ ಸಾಕ್ಷಿ.

ಹೈಬ್ರಿಡ್‌ಗೆ ಇನ್ನೊಂದು ತೊಡಕಿದೆ. ಅದರ ತಾಯಿ ಸಾಲು ಸಾಮಾನ್ಯವಾಗಿ ಪರಾಗಬಂಜೆ, ತಂದೆಯ ಜೀನ್ ಅದನ್ನು ಸರಿಪಡಿಸಬೇಕು. ಕೆಲವು ತಂದೆ ಸಾಲುಗಳ ಜೀನ್ ಚಳಿಯಲ್ಲಿ ಸೋಲುತ್ತದೆ. ಅದೇ ಬೀಜ ಸೆಪ್ಟೆಂಬರ್ ಕೊನೆಗೆ ಬಿತ್ತಿದವರಲ್ಲಿ ತುಂಬಿದ್ದರೆ ಕಾರಣ ಚಳಿ ಮತ್ತು ತಳಿ ಎರಡೂ. ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಬಂಜೆಯಾಗಿದ್ದರೆ ತಾಯಿ ಸಾಲಿನ ಬೀಜ ಬೆರಕೆಯಾಗಿದೆ ಎಂದು ನಾನು ಶಂಕಿಸುತ್ತೇನೆ, ಆಗ ದೂರು ನ್ಯಾಯ. ತಡವಾದ ಬಿತ್ತನೆಗೆ ನಾನು ಹೇಳುವುದು ಮಾಲ್ದಂಡಿ ಎಂ 35-1, ಅದು ಹೈಬ್ರಿಡ್ ಅಲ್ಲ.

ಈಗಿನ ಜೊಳ್ಳು ತೆನೆಗೆ ಔಷಧ ಇಲ್ಲ. ಕಣಿಕೆ ಹಸಿರಿದ್ದಾಗಲೇ ಕೊಯ್ದು ಮೇವಿಗೆ ಒಣಗಿಸಿ.